ಬೇಟ್‌ಕಾಸ್ಟಿಂಗ್ ರೀಲ್: ಗೇರ್ ಆಮೇಲೆ, ಮೊದಲು ಬ್ರೇಕ್ ನೋಡಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಐದು ವರ್ಷದಿಂದ ಸ್ಪಿನ್ನಿಂಗ್ ರೀಲಿನಲ್ಲಿ ಗಾಳ ಹಾಕುತ್ತಿದ್ದೇನೆ. ಈಗ ಕೆರೆಯಲ್ಲಿ ರಬ್ಬರ್ ಕಪ್ಪೆ ಬಿಟ್ಟು ಕೊರವ ಮೀನು ಹಿಡಿಯುವ ಹುಚ್ಚು ಹತ್ತಿದೆ. ಅದಕ್ಕೆ ಬೇಟ್‌ಕಾಸ್ಟರ್ರೇ ಸರಿ ಅಂತಾರೆ ಗೆಳೆಯರು. ಅಂಗಡಿಯಲ್ಲಿ ಕೇಳಿದರೆ 8.1:1 ಗೇರು, 12 ಬೇರಿಂಗ್ ಇರೋದೇ ಬೆಸ್ಟ್ ಅಂದರು. ನನ್ನ ಹತ್ತಿರ ಇರುವುದು 8000 ರೂಪಾಯಿ. ಯಾವುದು ತಗೊಳ್ಳಲಿ? ಎಡಗೈದೋ ಬಲಗೈದೋ ಅನ್ನೋದೂ ಗೊಂದಲ.
– ಓದುಗರು, ಸಕಲೇಶಪುರ

ಉತ್ತರ: ಗೆಳೆಯರು ಹೇಳಿದ್ದು ಸರಿ. ಅಂತರಗಂಗೆ, ಜೊಂಡು ತುಂಬಿದ ಕೆರೆಯಲ್ಲಿ ಕೊರವನನ್ನು ಎಳೆದು ತರಬೇಕಾದರೆ ದಪ್ಪ ದಾರ ಬೇಕು, ಗಟ್ಟಿ ಹಿಡಿತ ಬೇಕು. ಅಲ್ಲಿ ಬೇಟ್‌ಕಾಸ್ಟರ್ ಸ್ಪಿನ್ನಿಂಗಿಗಿಂತ ವಾಸಿ. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ.

ಮನೆಯಲ್ಲಿ ಹೊಲಿಗೆ ದಾರದ ಉಂಡೆ ಇದ್ದರೆ ತಗೊಳ್ಳಿ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ದಾರ ಮೇಲಕ್ಕೆ ಎಳೆಯಿರಿ. ಉಂಡೆ ಅಲ್ಲಾಡುವುದಿಲ್ಲ, ದಾರ ಮಾತ್ರ ಸುತ್ತು ಬಿಟ್ಟು ಬರುತ್ತದೆ. ಸ್ಪಿನ್ನಿಂಗ್ ರೀಲ್ ಇದೇ. ಈಗ ಅದೇ ಉಂಡೆಗೆ ಪೆನ್ಸಿಲ್ ಪೋಣಿಸಿ, ಎರಡೂ ತುದಿ ಹಿಡಿದು, ಯಾರಿಗಾದರೂ ಜೋರಾಗಿ ಎಳೆದು ತಟ್ಟನೆ ನಿಲ್ಲಿಸಲು ಹೇಳಿ. ಕೈ ನಿಂತರೂ ಉಂಡೆ ನಿಲ್ಲುವುದಿಲ್ಲ. ತಿರುಗುತ್ತಲೇ ಇರುತ್ತದೆ, ದಾರ ಸಡಿಲವಾಗಿ ಉಬ್ಬಿಕೊಳ್ಳುತ್ತದೆ. ಬೇಟ್‌ಕಾಸ್ಟರ್ ಇದು. ಎಸೆದ ಕಪ್ಪೆ ಗಾಳಿಯಲ್ಲಿ ನಿಧಾನವಾಗುತ್ತಾ ಹೋಗುತ್ತದೆ, ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ಮಾತ್ರ ಅದೇ ವೇಗದಲ್ಲಿ ದಾರ ಬಿಡುತ್ತಿರುತ್ತದೆ. ಹೊರಗೆ ಹೋಗಲಾರದ ದಾರ ಒಳಗೇ ಸಿಕ್ಕಾಗುತ್ತದೆ.

ಈ ಸ್ಪೂಲನ್ನು ಹದಕ್ಕೆ ಹಿಡಿಯುವುದೇ ಬ್ರೇಕಿನ ಕೆಲಸ. ಅದಕ್ಕೇ ನಾನು ಬೇರಿಂಗ್ ಎಣಿಸುವ ಮೊದಲು ಬ್ರೇಕ್ ನೋಡಿ ಅನ್ನುವುದು. ಬ್ರೇಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಮ್ಯಾಗ್ನೆಟಿಕ್‌ನಲ್ಲಿ ಸ್ಪೂಲಿನ ಪಕ್ಕದಲ್ಲೇ ಪುಟ್ಟ ಅಯಸ್ಕಾಂತಗಳಿರುತ್ತವೆ. ಅಲ್ಯೂಮಿನಿಯಂ ಸ್ಪೂಲ್ ಅವುಗಳ ಪಕ್ಕ ತಿರುಗಿದರೆ ಮುಟ್ಟದೇನೇ ತಡೆ ಹುಟ್ಟುತ್ತದೆ. ಹೊರಗಿನ ಡಯಲ್ ತಿರುಗಿಸಿದರೆ ತಡೆ ಹೆಚ್ಚು ಕಡಿಮೆ ಆಗುತ್ತದೆ. ಸೆಂಟ್ರಿಫ್ಯೂಗಲ್‌ನಲ್ಲಿ ಸ್ಪೂಲಿನ ಮೇಲೆ ಸಣ್ಣ ಗುಂಡಿಗಳಿರುತ್ತವೆ. ಸ್ಪೂಲ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಚಿಮ್ಮಿ ಒಂದು ಬಳೆಗೆ ಉಜ್ಜುತ್ತವೆ. ಎಸೆದ ಮೊದಲ ಕ್ಷಣದಲ್ಲಿ ತಡೆ ಜಾಸ್ತಿ, ಆಮೇಲೆ ಬಿಟ್ಟುಕೊಡುತ್ತದೆ. ಕೈ ಕುದುರಿದವರಿಗೆ ಇದು ದೂರ ಹೋಗುತ್ತದೆ. ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಗುಂಡಿ ಬದಲಿಸಬೇಕಾದರೆ ಪಕ್ಕದ ಮುಚ್ಚಳ ಬಿಚ್ಚಬೇಕು. ಕೆರೆ ಏರಿಯ ಮೇಲೆ ನಿಂತು ಮುಚ್ಚಳ ಬಿಚ್ಚಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮ ಮೊದಲ ರೀಲಿಗೆ ಹೊರಗೆ ಡಯಲ್ ಇರುವ ಮ್ಯಾಗ್ನೆಟಿಕ್ಕೇ ಇರಲಿ.

ಇನ್ನು ಗೇರು. 7.1:1 ಅಂದರೆ ನೀವು ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಏಳು ಸುತ್ತು ಚಿಲ್ಲರೆ ತಿರುಗುತ್ತದೆ ಅಂತ. ದಾರ ತುಂಬಿದ ಸ್ಪೂಲಿನ ಅಡ್ಡಳತೆ 34 ಮಿಲಿಮೀಟರ್ ಅಂದುಕೊಳ್ಳಿ. 5.4:1 ಆದರೆ ಒಂದು ಸುತ್ತಿಗೆ ಸುಮಾರು 58 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. 6.3:1ಕ್ಕೆ 67, 7.1:1ಕ್ಕೆ 76, 8.1:1ಕ್ಕೆ 87. ಕಪ್ಪೆ ಆಟಕ್ಕೆ ವೇಗ ಬೇಕು ನಿಜ. ಕಪ್ಪೆಯನ್ನು ನಡೆಸುವುದು ರಾಡ್ ತುದಿ, ರೀಲ್ ಸಡಿಲ ದಾರ ಸುತ್ತಿಕೊಳ್ಳುತ್ತದೆ ಅಷ್ಟೆ. ಕೊರವ ಬಡಿದಾಗ ಆ ಸಡಿಲ ಬೇಗ ಹೋಗಬೇಕು, ಇಲ್ಲವಾದರೆ ಜೊಂಡಿನೊಳಗೆ ನುಗ್ಗಿಬಿಡುತ್ತದೆ. ಆದರೆ ವೇಗ ಹೆಚ್ಚಿದಷ್ಟೂ ಎಳೆತದ ಬಲ ಕಡಿಮೆ. ಸೈಕಲ್ಲಿನ ಗೇರಿದ್ದ ಹಾಗೆ. 8.1ರಲ್ಲಿ ಮೀನಿನ ಜೊತೆ ಒಂದು ಹೊರೆ ಅಂತರಗಂಗೆಯೂ ಸಿಕ್ಕಿಕೊಂಡರೆ ಹಿಡಿ ತಿರುಗಿಸೋದೇ ಕಷ್ಟ. ಅದಕ್ಕೆ 7.1ರ ಆಸುಪಾಸು ಸಾಕು. ಮುಂದೆ ಹೇಮಾವತಿಯಲ್ಲಿ ಆಳಕ್ಕೆ ಮುಳುಗುವ ಲೂರ್ (ಕೃತಕ ಎರೆ) ಎಳೆಯುವ ಯೋಚನೆ ಇದ್ದರೆ 6.3 ಎರಡಕ್ಕೂ ಆದೀತು.

ಬೇರಿಂಗ್ ಲೆಕ್ಕ ಬಿಡಿ. ನಾಲ್ಕೈದು ಒಳ್ಳೆ ಬೇರಿಂಗ್ ಇರುವ ರೀಲು, ಹನ್ನೆರಡು ಕಳಪೆ ಬೇರಿಂಗ್ ತುಂಬಿದ ರೀಲಿಗಿಂತ ನುಣುಪಾಗಿ ತಿರುಗುತ್ತದೆ, ಜಾಸ್ತಿ ದಿನ ಬಾಳುತ್ತದೆ. ಅಂಗಡಿಯಲ್ಲಿ ಹಿಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಲೊಡ ಲೊಡ ಅಂದರೆ ಬೇಡ. ಮೀನು ಜೋರಾಗಿ ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಭಾಗವೇ ಡ್ರ್ಯಾಗ್. ಅದನ್ನು ಬಿಗಿ ಮಾಡಿ ದಾರ ಎಳೆಯಿರಿ, ಜಗ್ಗಿ ಜಗ್ಗಿ ಬಿಡಬಾರದು, ಒಂದೇ ಸಮನೆ ಬಿಡಬೇಕು. ಐದಾರು ಕಿಲೋ ಡ್ರ್ಯಾಗ್ ನಮ್ಮ ಕೆರೆಗಳಿಗೆ ಧಾರಾಳ.

ಎಡ ಬಲದ ವಿಷಯ. ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಈ ಕಡೆಯಿಂದ ಆ ಕಡೆಗೆ ಹಾಕಬಹುದು. ಇದರಲ್ಲಿ ಆಗುವುದಿಲ್ಲ. ಕೊಳ್ಳುವಾಗಲೇ ತೀರ್ಮಾನ ಮಾಡಬೇಕು. ‘ಲೆಫ್ಟ್ ಹ್ಯಾಂಡ್’ ಅಂದರೆ ಎಡಚರಿಗೆ ಮಾಡಿದ್ದು ಅಂತಲ್ಲ, ಹಿಡಿ ಎಡಗಡೆ ಇದೆ ಅಂತ. ಶಿಮಾನೊ ರೀಲುಗಳಲ್ಲಿ 150 ಅಂದರೆ ಬಲ ಹಿಡಿ, 151 ಅಂದರೆ ಎಡ ಹಿಡಿ. ನಾನು ಮೊದಲ ಸಲ ಇದನ್ನು ಉಲ್ಟಾ ಓದಿಕೊಂಡು ಆನ್‌ಲೈನ್‌ನಲ್ಲಿ ತರಿಸಿದೆ. ದಾರ ಸುತ್ತಿಬಿಟ್ಟಿದ್ದರಿಂದ ವಾಪಸ್ ತಗೊಳ್ಳಲಿಲ್ಲ. ತಪ್ಪು ನನ್ನದೇ. ಎರಡು ವರ್ಷ ಅದರಲ್ಲೇ ಏಗಿದೆ. ನೀವು ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತಿ ರೂಢಿ ಇದ್ದವರಾದರೆ, ಎಡ ಹಿಡಿಯದನ್ನೇ ತಗೊಳ್ಳಿ. ಕಪ್ಪೆ ನೀರಿಗೆ ಬಿದ್ದ ಕೂಡಲೇ ಕೊರವ ಹೊಡೆಯುವುದುಂಟು. ಆಗ ರಾಡ್ ಕೈ ಬದಲಿಸುತ್ತಾ ಕೂತರೆ ಮೀನು ಕಾಯುವುದಿಲ್ಲ.

8000ವನ್ನೂ ರೀಲಿಗೇ ಸುರಿಯಬೇಡಿ. ದಾರ ಬೇಕು, ರಾಡ್ ಬೇಕು. ಸ್ಪಿನ್ನಿಂಗ್ ರಾಡಿಗೆ ಇದನ್ನು ಕಟ್ಟಬೇಡಿ, ಇದಕ್ಕೆ ಕೆಳಗೆ ಬೆರಳು ಸಿಕ್ಕಿಸುವ ಕೊಕ್ಕೆ ಇರುವ ಕಾಸ್ಟಿಂಗ್ ರಾಡೇ ಬೇಕು. ಅಬು ಗಾರ್ಸಿಯಾ ಬ್ಲ್ಯಾಕ್ ಮ್ಯಾಕ್ಸ್‌ನಂಥ ಸರಳ ಮ್ಯಾಗ್ನೆಟಿಕ್ ರೀಲು ಕೈಯಲ್ಲಿ ಹಿಡಿದು ನೋಡಿ. ಕಪ್ಪೆಗೆ 40 ಪೌಂಡಿನ ಬ್ರೇಡ್ (ಹೆಣೆದ ದಾರ) ಹಾಕಿ. ಅಡಿಯಲ್ಲಿ ಹತ್ತು ಸುತ್ತು ಮಾಮೂಲಿ ತಂಗೂಸಿ (ನೈಲಾನ್ ದಾರ) ಸುತ್ತಿ, ಅದರ ಮೇಲೆ ಬ್ರೇಡ್ ಕಟ್ಟಿ. ಬರೀ ಬ್ರೇಡ್ ಆದರೆ ಸ್ಪೂಲಿನ ಮೇಲೆ ಇಡೀ ಸುರುಳಿಯೇ ಜಾರುತ್ತದೆ. ಆಗ ಡ್ರ್ಯಾಗ್ ಕೆಟ್ಟಿದೆ ಅಂತ ರಿಪೇರಿಗೆ ತರುತ್ತಾರೆ ಜನ.

ಕೆಂಪು ಮರಿಗಳ ಗುಂಪು ನೀರ ಮೇಲೆ ಗುಳುಗುಳು ಅನ್ನುವುದು ಕಂಡರೆ ಅಲ್ಲಿ ಕಪ್ಪೆ ಹಾಕಬೇಡಿ. ತಂದೆ ತಾಯಿ ಕೊರವ ಕೆಳಗೇ ಕಾಯುತ್ತಿರುತ್ತವೆ, ಹೊಡೆದೇ ಹೊಡೆಯುತ್ತವೆ. ಅವನ್ನು ಎತ್ತಿದರೆ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆಗೆ.

ಪ್ರಶ್ನೆ: ಹೊಸ ಬೇಟ್‌ಕಾಸ್ಟರ್ ತಂದು ತಿಂಗಳಾಯಿತು. ಮೂರು ಸಲ ಎಸೆದರೆ ಒಂದು ಸಲ ಸಿಕ್ಕು. ಅರ್ಧ ದಾರ ಕತ್ತರಿಸಿ ಬಿಸಾಕಿದ್ದೇನೆ. ರೀಲೇ ಸರಿಯಿಲ್ಲ ಅನಿಸುತ್ತಿದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ರೀಲ್ ಸರಿಯಿಲ್ಲದೆ ಸಿಕ್ಕಾಗುವುದು ನೂರಕ್ಕೆ ಒಂದು. ಮೊದಲು ಬ್ರೇಕ್ ಡಯಲ್ಲನ್ನು ಕೊನೆಯ ಅಂಕಿಗೆ ತಿರುಗಿಸಿ ಇಡಿ. ಹಿಡಿಯ ಬುಡದಲ್ಲಿ, ನಕ್ಷತ್ರದಂಥ ಡ್ರ್ಯಾಗಿನ ಪಕ್ಕ, ಒಂದು ಸಣ್ಣ ಗುಂಡು ತಿರುಪು ಇರುತ್ತದೆ. ಸ್ಪೂಲ್ ಟೆನ್ಷನ್ ಅಂದರೆ ಅದೇ. ನೀವು ಎಸೆಯುವ ಲೂರನ್ನೇ ಕಟ್ಟಿ, ರಾಡ್ ಮೇಲೆತ್ತಿ, ಹೆಬ್ಬೆರಳು ಸ್ಪೂಲಿನ ಮೇಲಿಟ್ಟು, ಸ್ಪೂಲ್ ಬಿಡಿಸುವ ಗುಂಡಿ ಒತ್ತಿ. ಬೆರಳು ಮೆಲ್ಲಗೆ ಎತ್ತಿ. ಲೂರ್ ದೊಪ್ಪೆಂದು ಬೀಳಬಾರದು, ಮೆಲ್ಲಗೆ ಇಳಿಯಬೇಕು. ನೆಲ ಮುಟ್ಟಿದಾಗ ಸ್ಪೂಲೂ ನಿಲ್ಲಬೇಕು. ಆಮೇಲೂ ತಿರುಗಿದರೆ ತಿರುಪು ಇನ್ನಷ್ಟು ಬಿಗಿ ಮಾಡಿ. 15 ಗ್ರಾಂ ಕಪ್ಪೆ ಬಿಚ್ಚಿ 10 ಗ್ರಾಂದು ಕಟ್ಟಿದರೆ ಇದನ್ನು ಮತ್ತೆ ಮಾಡಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ.

ದಾರ ಕಂಠಪೂರ್ತಿ ತುಂಬಿದ್ದೀರಾ? ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗಿರಲಿ. ಕಲಿಯುವ ತನಕ ಇನ್ನೂ ಕಡಿಮೆಯೇ ಇರಲಿ, ಪರವಾಗಿಲ್ಲ.

ಕಾಫಿ ಒಣಗಿಸುವ ಕಣ ಪರಿಚಯದವರ ತೋಟದಲ್ಲಿ ಇದ್ದೇ ಇರುತ್ತದೆ ಅಲ್ವಾ? ಕೊಯ್ಲು ಮುಗಿದ ಮೇಲೆ ಅದು ಖಾಲಿ. ನಾನು ಕಲಿತದ್ದು ಅಲ್ಲೇ. ಹದಿನೈದು ಹೆಜ್ಜೆ ದೂರದಲ್ಲಿ ಒಂದು ಬಿದಿರು ಬುಟ್ಟಿ ಇಟ್ಟು, ಕೊಕ್ಕೆ ಇಲ್ಲದ ಸೀಸದ ತುಂಡು ಕಟ್ಟಿ ಎಸೆಯುವುದು. ಜಾಡಿಸಿ ಎಸೆಯಬೇಡಿ. ರಾಡ್ ಬಗ್ಗಿ ತಾನೇ ದೂಡಲಿ. ಸೀಸ ನೆಲ ಮುಟ್ಟುವ ಒಂದು ಕ್ಷಣ ಮೊದಲು ಹೆಬ್ಬೆರಳು ಸ್ಪೂಲಿಗೆ ತಾಗಬೇಕು. ಬೆರಳಿಗೆ ಅದು ರೂಢಿಯಾಗಲು ನನಗೆ ಎರಡು ವಾರ ಹಿಡಿಯಿತು. ಸಿಮೆಂಟು ಕಣ ದಾರವನ್ನು ಉಜ್ಜುತ್ತದೆ, ಹಾಗಾಗಿ ಅಭ್ಯಾಸಕ್ಕೆ ಹಳೇ ದಾರ ಬಳಸಿ. ಆಷಾಢದ ಗಾಳಿಗೆ ಎದುರಾಗಿ ಎಸೆಯುವುದನ್ನು ಮಾತ್ರ ಸದ್ಯಕ್ಕೆ ಮರೆತುಬಿಡಿ. ಕೈ ಪಳಗಿದವರಿಗೂ ಆಗ ಸಿಕ್ಕು ತಪ್ಪಿದ್ದಲ್ಲ.

ಸಿಕ್ಕಾದರೆ ತಕ್ಷಣ ಕತ್ತರಿ ಹುಡುಕಬೇಡಿ. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಹೆಬ್ಬೆರಳಿನಿಂದ ಸ್ಪೂಲಿನ ಮೇಲಿನ ದಾರವನ್ನು ಗಟ್ಟಿಯಾಗಿ ಒತ್ತಿ, ಹಾಗೇ ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಿ. ಆಮೇಲೆ ಗುಂಡಿ ಒತ್ತಿ ದಾರ ಎಳೆದು ನೋಡಿ. ಕುಣಿಕೆಗಳು ಚಪ್ಪಟೆಯಾಗಿ ಬಿಟ್ಟುಕೊಳ್ಳುತ್ತವೆ. ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಮಾಡಿ. ನೀವು ಬಿಸಾಕಿದ ದಾರದಲ್ಲಿ ಮುಕ್ಕಾಲು ಪಾಲು ಹೀಗೇ ಉಳಿಯುತ್ತಿತ್ತು.

ಪ್ರಶ್ನೆ: ತಾತನ ಕಾಲದ ಗುಂಡು ರೀಲು ಅಟ್ಟದ ಮೇಲೆ ಸಿಕ್ಕಿತು. ಅಬು ಅಂಬಾಸಡರ್ ಅಂತಿದೆ. ಅಡಿಯ ಪಟ್ಟಿಯಲ್ಲಿ 780301 ಅಂತ ಕೊರೆದಿದ್ದಾರೆ. ಕೊಬ್ಬರಿ ಎಣ್ಣೆ ಬಿಟ್ಟೆ, ಬೆಳಗಿನ ಹೊತ್ತು ತಿರುಗುವುದೇ ಇಲ್ಲ. ಇದನ್ನು ಕೊಟ್ಟು ಹೊಸದು ತಗೊಳ್ಳಲೇ?
– ಓದುಗರು, ಬೇಲೂರು

ಉತ್ತರ: ಕೊಡಬೇಡಿ! ಆ ಕಾಲದ ಅಂಬಾಸಡರ್‌ಗಳಲ್ಲಿ ಮೊದಲೆರಡು ಅಂಕಿ ವರ್ಷ, ಮುಂದಿನೆರಡು ತಿಂಗಳು. ಅಂದರೆ ನಿಮ್ಮದು 1978ರ ಮಾರ್ಚ್‌ನದು. ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ನಿಮ್ಮ ರೀಲು ಆ ಹಿನ್ನೀರಿಗಿಂತ ಹಳೆಯದು.

ಅಬು ಸ್ವೀಡನ್ನಿನ ಕಂಪನಿ. 1921ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಗಡಿಯಾರ, ಟ್ಯಾಕ್ಸಿ ಮೀಟರು. ರೀಲ್ ಆಮೇಲೆ ಬಂತು. ಅಮೆರಿಕದ ಕೆಂಟಕಿಯಲ್ಲಿ ಈ ಬಗೆಯ ರೀಲನ್ನು ಮೊದಲು ಮಾಡಿದ ಜಾರ್ಜ್ ಸ್ನೈಡರ್ ಕೂಡ ಗಡಿಯಾರ ರಿಪೇರಿಯವನೇ, 1800ರ ದಶಕಗಳ ಆರಂಭದವನು. ಒಳಗೆ ಬಿಚ್ಚಿ ನೋಡಿದರೆ ಅದು ಗೊತ್ತಾಗುತ್ತದೆ. ಒಂದೊಂದು ಹಲ್ಲೂ ಕೈಗಡಿಯಾರದ ಹಾಗೆ ಕೂತಿರುತ್ತದೆ.

ಕೊಬ್ಬರಿ ಎಣ್ಣೆ ಮಾತ್ರ ಅನ್ಯಾಯ. ಚಳಿಗೆ ತಲೆಗೆ ಹಚ್ಚುವ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ರೀಲಿನೊಳಗೆ ಬಿಡುತ್ತದೆಯೇ? ಲೋಹದ ಭಾಗಗಳನ್ನಷ್ಟೇ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಬೇರಿಂಗಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಒಂದು ತೊಟ್ಟು. ಗೇರಿಗೆ ತೆಳುವಾಗಿ ಗ್ರೀಸು. ಡ್ರ್ಯಾಗಿನ ಬಿಲ್ಲೆಗಳಿಗೆ ಎಣ್ಣೆ ಮುಟ್ಟಿಸಬೇಡಿ. ಸ್ಪೂಲಿನ ಪಕ್ಕದ ಕಡ್ಡಿಯಲ್ಲಿ ಹೆಸರುಕಾಳಿನಷ್ಟು ಎರಡು ಬ್ರೇಕ್ ತುಂಡು ಇವೆಯಾ ನೋಡಿ. ಅವು ಬಿದ್ದುಹೋಗಿದ್ದರೆ ಎಸೆದ ಕೂಡಲೇ ಸಿಕ್ಕು. ಬಿಚ್ಚುವಾಗ ಒಂದೊಂದು ಹೆಜ್ಜೆಗೂ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಕೆಳಗೆ ಬಿಳಿ ಬಟ್ಟೆ ಹಾಸಿ.

ಗುಂಡು ರೀಲು ಭಾರ, ದಿನವಿಡೀ ಕಪ್ಪೆ ಎಸೆಯಲು ತೋಳು ನೋಯುತ್ತದೆ. ದೊಡ್ಡ ಕಾಟ್ಲಾಗೆ ಹಿಟ್ಟಿನ ಉಂಡೆ ಹಾಕಿ ಕಾಯುತ್ತಾ ಕೂರಲು ಇದಕ್ಕಿಂತ ಒಳ್ಳೆಯದು ಬೇಡ. ದಾರವೂ ಜಾಸ್ತಿ ಹಿಡಿಯುತ್ತದೆ.

ಪ್ರಶ್ನೆ: ಮುತ್ತೋಡಿ ಕಡೆ ಹೋದಾಗ ಭದ್ರಾ ಹಿನ್ನೀರಿನಲ್ಲಿ ಹೊಸ ರೀಲು ಪರೀಕ್ಷೆ ಮಾಡಬಹುದೇ?
– ಓದುಗರು, ಕಡೂರು

ಉತ್ತರ: ಬೇಡ. ಅದು ಅಭಯಾರಣ್ಯ, ಹುಲಿ ಮೀಸಲು ಪ್ರದೇಶ. ರಾಡ್ ಕಾರಿನಿಂದ ಇಳಿಸಲೇಬೇಡಿ. ಶೃಂಗೇರಿಯ ತುಂಗೆಯ ಮೀನು ದೇವರ ಮೀನು, ಅದೂ ಬೇಡ. ಬೇರೆ ಕೆರೆಗಳಲ್ಲೂ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನು, ಮೀನುಗಾರಿಕೆ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ.

ಪ್ರಶ್ನೆ: ಮಗನಿಗೆ ಹನ್ನೆರಡು ವರ್ಷ. ಊರ ಕೆರೆಯಲ್ಲಿ ಎರೆಹುಳು ಹಾಕಿ ಜಿಲೇಬಿ ಮೀನು ಹಿಡಿಯುತ್ತಾನೆ. ವಿಡಿಯೋ ನೋಡಿ ಬೇಟ್‌ಕಾಸ್ಟರೇ ಬೇಕು ಅಂತ ಹಟ. ಕೊಡಿಸಲೇ?
– ಓದುಗರು, ಅರಸೀಕೆರೆ

ಉತ್ತರ: ಎರೆಹುಳು, ಬೆಂಡು, ಒಂದು ಚೂರು ಸೀಸ ಎಲ್ಲ ಸೇರಿಸಿದರೂ ಮೂರ್ನಾಲ್ಕು ಗ್ರಾಂ. ಮಾಮೂಲಿ ಬೇಟ್‌ಕಾಸ್ಟರಿನ ಸ್ಪೂಲನ್ನು ತಿರುಗಿಸಲು ಅಷ್ಟು ಭಾರ ಸಾಲದು, ಹತ್ತು ಗ್ರಾಂ ಹತ್ತಿರವಾದರೂ ಬೇಕು. ಬೆಂಡು ಕಾಲ ಬುಡದಲ್ಲೇ ಬೀಳುತ್ತದೆ, ಹುಡುಗ ಸಿಕ್ಕು ಬಿಡಿಸುತ್ತಾ ಕೂರುತ್ತಾನೆ. ಸಣ್ಣ ಸ್ಪಿನ್ನಿಂಗ್ ರೀಲ್ ಕೊಡಿಸಿ. ಅದೂ ಬೇಡ ಅಂದರೆ ಈಗಿರುವ ಬಿದಿರು ಕೋಲೇ ಚೆನ್ನಾಗಿದೆ. ಜಿಲೇಬಿಗೆ ನಾನು ಇವತ್ತಿಗೂ ತಗೊಂಡು ಹೋಗುವುದು ಅದನ್ನೇ.