ಸೂರ್ಯನ ಸುತ್ತಲಿನ ಅನಿಲ ಮೋಡಗಳ ನಕ್ಷೆ ಬರೆಯಲು ಎಷ್ಟು ದೊಡ್ಡ ರೇಡಿಯೊ ದೂರದರ್ಶಕ ಬೇಕು?

ದೂರದರ್ಶಕ ಬೇಡ. ನಿಮ್ಮ ಹಾಗೆ ನಾನೂ ಪ್ರಾಜೆಕ್ಟಿಗೆ ಅದನ್ನೇ ಹುಡುಕಿಕೊಂಡು ಹೊರಟವನು.

ನನಗೆ ಸಿಕ್ಕಿದ್ದು ಕಾರ್ಬನ್ ಮಾನಾಕ್ಸೈಡ್ ಸಮೀಕ್ಷೆಯ ದತ್ತಾಂಶ. ತಣ್ಣನೆಯ ಮೋಡದಲ್ಲಿ ಹೈಡ್ರೋಜನ್ ಅಣುಗಳು ಕಣ್ಣಿಗೆ ಬೀಳುವುದಿಲ್ಲ. ಅವುಗಳ ನಡುವಿನ ಕಾರ್ಬನ್ ಮಾನಾಕ್ಸೈಡ್ 2.6 ಮಿಲಿಮೀಟರ್ ತರಂಗದಲ್ಲಿ ಸುಳಿವು ಕೊಡುತ್ತದೆ. ಆ ತರಂಗದ ಉದ್ದ ಎಷ್ಟು ಸರಿದಿದೆ ಎಂದು ನೋಡಿದರೆ ಮೋಡದ ವೇಗ ಸಿಗುತ್ತದೆ. ಆ ವೇಗವನ್ನು ಆಕಾಶಗಂಗೆಯ ಭ್ರಮಣದ ಲೆಕ್ಕಕ್ಕೆ ಹಾಕಿ ನಾನು ದೂರ ತೆಗೆದೆ. ಎಡವಿದ್ದು ಅಲ್ಲೇ.

ಬಹುದೂರದ ಮೋಡಗಳಿಗೆ ಈ ಲೆಕ್ಕ ನಡೆಯುತ್ತದೆ, ನೆರೆಹೊರೆಗೆ ನಡೆಯುವುದಿಲ್ಲ. ಇಲ್ಲಿ ಸೂರ್ಯನೂ ಮೋಡಗಳೂ ಹೆಚ್ಚುಕಡಿಮೆ ಜೊತೆಯಾಗಿಯೇ ಸುತ್ತುತ್ತಿವೆ. ಭ್ರಮಣದಿಂದ ಬರುವ ವ್ಯತ್ಯಾಸ ಸೆಕೆಂಡಿಗೆ ಕೆಲವೇ ಕಿಲೋಮೀಟರ್. ಮೋಡದ ಸ್ವಂತ ಅಲೆದಾಟವೂ ಅಷ್ಟೇ ಇರುತ್ತದೆ. ವೃಷಭ ರಾಶಿಯ ಮೋಡವಂತೂ ಆಕಾಶಗಂಗೆಯ ಕೇಂದ್ರಕ್ಕೆ ಬಹುಮಟ್ಟಿಗೆ ವಿರುದ್ಧ ದಿಕ್ಕಿನಲ್ಲಿದೆ. ಅಲ್ಲಿ ಭ್ರಮಣದ ವೇಗವೆಲ್ಲ ಅಡ್ಡಕ್ಕೆ ಹೋಗುತ್ತದೆ, ನಮ್ಮ ದೃಷ್ಟಿರೇಖೆಯಲ್ಲಿ ಸಿಗುವ ಪಾಲು ಸೊನ್ನೆಯ ಹತ್ತಿರ. ಸುಮಾರು 450 ಜ್ಯೋತಿರ್ವರ್ಷ ದೂರದ ಆ ಮೋಡವನ್ನು ನಾನು ಸಾವಿರಾರು ಜ್ಯೋತಿರ್ವರ್ಷ ಆಚೆ ಕೂರಿಸಿದ್ದೆ. ದೂರವನ್ನು ಎರಡು ಪಟ್ಟು ಎಂದುಕೊಂಡರೆ ಲೆಕ್ಕದಲ್ಲಿ ದ್ರವ್ಯರಾಶಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅಲ್ಲಿ ಎಷ್ಟು ಅನಿಲವಿದೆ, ಅದರಲ್ಲಿ ಎಷ್ಟು ಪಾಲು ನಕ್ಷತ್ರವಾಗುತ್ತಿದೆ ಎಂದು ಬರೆದದ್ದೆಲ್ಲ ಕೆಟ್ಟಿತು. ಅಧ್ಯಾಯಗಳನ್ನೇ ಕೈಬಿಡಬೇಕಾಯಿತು.

ದೂರವನ್ನು ನಕ್ಷತ್ರಗಳಿಂದ ಅಳೆಯಿರಿ. ಮೋಡದ ಮುಂದಿರುವ ನಕ್ಷತ್ರದ ಬಣ್ಣ ಕೆಡುವುದಿಲ್ಲ, ಹಿಂದಿರುವುದು ಧೂಳಿನಿಂದಾಗಿ ಕೆಂಪಗೆ ಕಾಣುತ್ತದೆ. ಗಯಾ ಉಪಗ್ರಹ ಅಳೆದ ನಕ್ಷತ್ರ ದೂರಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಇದೇ ದಾರಿಯಲ್ಲಿ ಹೋದವರಿಗೆ 2020ರಲ್ಲಿ ರ‍್ಯಾಡ್‌ಕ್ಲಿಫ್ ಅಲೆ ಕಂಡಿತು: ಸುಮಾರು 9,000 ಜ್ಯೋತಿರ್ವರ್ಷ ಉದ್ದಕ್ಕೆ ಏರಿಳಿಯುತ್ತ ಸಾಗುವ, ಸುಮಾರು 30 ಲಕ್ಷ ಸೂರ್ಯರಷ್ಟು ತೂಗುವ ಮೋಡಗಳ ಸಾಲು. 19ನೇ ಶತಮಾನದಿಂದ ಗೂಲ್ಡ್ ಪಟ್ಟಿ ಎಂಬ, ನಕ್ಷತ್ರ ಮತ್ತು ಮೋಡಗಳ ಉಂಗುರದ ಭಾಗವೆಂದು ನಂಬಿದ್ದ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಮೋಡಗಳೂ ಈ ಸಾಲಿನವೇ. ಆ ನಂಬಿಕೆ ಅಷ್ಟು ಕಾಲ ಉಳಿದದ್ದು ದೂರ ಸರಿಯಾಗಿ ಗೊತ್ತಿಲ್ಲದ್ದರಿಂದ.

ಇಡೀ ಆಕಾಶಕ್ಕೆ ಕೈ ಹಾಕಬೇಡಿ. ವೃಷಭದ ಮೋಡ ಒಂದನ್ನೇ ಹಿಡಿಯಿರಿ. ಆ ದಿಕ್ಕಿನ ನಕ್ಷತ್ರಗಳ ದೂರವನ್ನು ಅಡ್ಡಕ್ಕೂ ಕೆಂಪಾದ ಪ್ರಮಾಣವನ್ನು ಉದ್ದಕ್ಕೂ ಇಟ್ಟು ಗ್ರಾಫ್ ಹಾಕಿ. ಚುಕ್ಕೆಗಳು ತಟ್ಟನೆ ಮೇಲಕ್ಕೆ ಏರುವ ಜಾಗದಲ್ಲಿ ಮೋಡವಿದೆ. ಅದು ಕೈಗೆ ಬಂದ ಮೇಲೆ ರೇಡಿಯೊ ದತ್ತಾಂಶ ತೆರೆಯಿರಿ.