ಹಟ್ಟಿ ಪ್ರಶ್ನೋತ್ತರ: ಹಿಂಡಿ ಹೆಚ್ಚಾಯಿತು, ಫ್ಯಾಟ್ ಇಳಿಯಿತು

ಪ್ರಶ್ನೆ: ನಮ್ಮ ಜೆರ್ಸಿ ಮಿಶ್ರತಳಿ ದನ ದಿನಕ್ಕೆ 8 ಲೀಟರ್ ಹಾಲು ಕೊಡುತ್ತದೆ. ಎರಡು ಹೊತ್ತು ಸೇರಿ 7 ಕಿಲೋ ಹಿಂಡಿ, ಮೇಲಿಂದ ಅಕ್ಕಚ್ಚು (ಅಕ್ಕಿ ತೊಳೆದ ನೀರು, ಗಂಜಿ). ಹಸಿಹುಲ್ಲು ಸಿಕ್ಕಿದಷ್ಟು ಮಾತ್ರ. ಸೊಸೈಟಿಯಲ್ಲಿ ಫ್ಯಾಟ್ ಇಳಿದಿದೆ, ಸೆಗಣಿ ತೆಳುವಾಗಿದೆ. ಯಾವ ಹಿಂಡಿಗೆ ಬದಲಿಸಲಿ?
– ಓದುಗರೊಬ್ಬರು, ಪೆರ್ಲ

ಉತ್ತರ: ಹಿಂಡಿ ಯಾವುದಾದರೂ ಇರಲಿ, ಅಳತೆ ಬದಲಾಗಬೇಕು. ಹಾಲಿನ ಫ್ಯಾಟಿನ ದೊಡ್ಡ ಪಾಲು ಬರುವುದು ನಾರಿನಿಂದ. ಹುಲ್ಲು ದನದ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದಾದ ದೊಡ್ಡ ಹೊಟ್ಟೆಯಲ್ಲಿ ಕೊಳೆತು ಅಸಿಟಿಕ್ ಆಮ್ಲವಾಗುತ್ತದೆ, ಕೆಚ್ಚಲು ಅದರಿಂದ ಕೊಬ್ಬು ಕಟ್ಟುತ್ತದೆ. ಹಿಂಡಿ, ಗಂಜಿ ಬೇಗ ಹುಳಿಯಾಗುತ್ತವೆ. ಅವನ್ನು ತಿನ್ನುವಾಗ ದನ ಮೆಲುಕು ಹಾಕುವುದೂ ಕಡಿಮೆ. ಮೆಲುಕು ಕಡಿಮೆಯಾದರೆ ಜೊಲ್ಲು ಕಡಿಮೆ. ಹುಳಿ ಮುರಿಯುವ ಸೋಡಾ ಇರುವುದು ಆ ಜೊಲ್ಲಿನಲ್ಲೇ.

ನಿಮ್ಮ ದನ 350 ಕಿಲೋ ಇದೆ ಎಂದುಕೊಳ್ಳೋಣ. ತೂಕದ 3 ಶೇಕಡದಂತೆ ದಿನಕ್ಕೆ ಸುಮಾರು 10.5 ಕಿಲೋ ಒಣ ಅಂಶ (ನೀರು ಬಿಟ್ಟು ಉಳಿದ ಮೇವು) ಬೇಕು. ಹಿಂಡಿ ಶರೀರದ ಪೋಷಣೆಗೆ ಒಂದೂವರೆ ಕಿಲೋ, ಮತ್ತೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋ. 8 ಲೀಟರಿಗೆ ಒಟ್ಟು ನಾಲ್ಕೂವರೆ, ಹೆಚ್ಚೆಂದರೆ 4.7 ಕಿಲೋ. ಉಳಿದದ್ದು 20 ಕಿಲೋ ನೇಪಿಯರ್ ಹುಲ್ಲು ಮತ್ತು 3 ಕಿಲೋ ಬೈಹುಲ್ಲಿನಿಂದ ಬರಲಿ. ನೇಪಿಯರಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ, ಆದ್ದರಿಂದ ಬುಟ್ಟಿ ತುಂಬಿತೆಂದು ಸಮಾಧಾನಪಡಬೇಡಿ, ತೂಗಿ ನೋಡಿ.

ಹಿಂಡಿಯನ್ನು ದಿನಕ್ಕೆ ಅರ್ಧ ಕಿಲೋದಂತೆ ಇಳಿಸಿ. ಮೊದಲು ಹುಲ್ಲು, ಆಮೇಲೆ ಹಿಂಡಿ. ಹುಲ್ಲನ್ನು ಒಂದು ಇಂಚಿಗಿಂತ ಸಣ್ಣಗೆ ಕತ್ತರಿಸಬೇಡಿ, ಪುಡಿಯಾದರೆ ಮೆಲುಕಿಗೆ ಏನೂ ಉಳಿಯದು. ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ ತಪ್ಪಿಸಬೇಡಿ. ಪರೀಕ್ಷೆ ಸುಲಭ: ದನ ಮಲಗಿ ಮೆಲುಕು ಹಾಕುವಾಗ ಒಂದು ತುತ್ತಿಗೆ ಎಷ್ಟು ಸಲ ಅಗಿಯುತ್ತದೆಂದು ಎಣಿಸಿ. 50 ದಾಟಬೇಕು. ಮೂವತ್ತರಲ್ಲೇ ನುಂಗಿದರೆ ನಾರು ಸಾಲದು.

ಹಲಸಿನ ಕಾಲದಲ್ಲಿ ಇದೇ ಹುಳಿ ಜೀವ ತೆಗೆಯುತ್ತದೆ. ಹಣ್ಣೋ ಸಮಾರಂಭದ ಉಳಿದ ಅನ್ನವೋ ಒಮ್ಮೆಲೇ ತಿಂದ ದನ ಅರ್ಧ ದಿನದಲ್ಲಿ ಮೇವು ಬಿಡುತ್ತದೆ. ಎಡಹೊಟ್ಟೆ ಉಬ್ಬುತ್ತದೆ, ಸೆಗಣಿ ಹುಳಿ ವಾಸನೆ ಹೊಡೆಯುತ್ತದೆ, ನಡಿಗೆ ತೂರಾಡುತ್ತದೆ. ಅನ್ನ, ಹಿಂಡಿ ಕೂಡಲೇ ನಿಲ್ಲಿಸಿ ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವವರೆಗೆ 100 ಗ್ರಾಂ ಅಡುಗೆ ಸೋಡಾ ನೀರಿನಲ್ಲಿ ಕದಡಿ ಕುಡಿಸಬಹುದು, ಆದರೆ ತಲೆ ಮೇಲಕ್ಕೆತ್ತಿ ಸುರಿಯಬಾರದು, ಶ್ವಾಸಕೋಶಕ್ಕೆ ಹೋದೀತು. ಎದ್ದು ನಿಲ್ಲದ ದನಕ್ಕೆ ಬಾಯಿಯಿಂದ ಏನೂ ಬೇಡ.

ಪ್ರಶ್ನೆ: ಬೈಹುಲ್ಲು ದುಬಾರಿಯಾಗಿದೆ. ಅಡಿಕೆ ಹಾಳೆ ಕೊಟ್ಟರಾಗದೇ?
– ಮುಳ್ಳೇರಿಯದ ಕೃಷಿಕರು

ಉತ್ತರ: ಆಗುತ್ತದೆ. ನಾರಿನ ಲೆಕ್ಕಕ್ಕೆ ಬೈಹುಲ್ಲಿನಂತೆಯೇ. ಪ್ರೊಟೀನು ಎರಡರಲ್ಲೂ ಕಡಿಮೆ. ಬೇಸಿಗೆಯಲ್ಲಿ ಬಿದ್ದದ್ದನ್ನು ಬಿದ್ದ ದಿನವೋ ಮರುದಿನವೋ ಹೆಕ್ಕಿ, ಒಣಗಿಸಿ, ಯಂತ್ರದಲ್ಲಿ ಕತ್ತರಿಸಿ. ಮಳೆಗೆ ನೆನೆದು ಬೂಷ್ಟು ಬಂದದ್ದು ಗೊಬ್ಬರಕ್ಕೇ ಸರಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಬಿದ್ದ ಹಾಳೆಗೆ ಅದರಲ್ಲಿರುವ ಮೈಲುತುತ್ತು, ಅಂದರೆ ತಾಮ್ರದ ಲವಣ, ಅಂಟಿರುತ್ತದೆ, ದನಕ್ಕೂ ಬೇಡ; ಕುರಿಯಂತೂ ತಾಮ್ರವನ್ನು ಸ್ವಲ್ಪವೂ ತಾಳದು.

ಪ್ರಶ್ನೆ: ನಮ್ಮ ನಾಟಿ ಸಣ್ಣ ತಳಿ ಕಾಸರಗೋಡು ಗಿಡ್ಡಕ್ಕೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ದೊಡ್ಡ ವಿದೇಶಿ ತಳಿ) ಹೋರಿಯ ವೀರ್ಯದ ಇಂಜೆಕ್ಷನ್ ಕೊಡಿಸಬಹುದೇ?
– ಮೀಯಪದವಿನ ಓದುಗರು

ಉತ್ತರ: ಬೇಡ. ಕರುವಿನ ಗಾತ್ರದಲ್ಲಿ ತಂದೆಯ ಪಾಲೂ ಇದೆ, ಗಿಡ್ಡದ ಸೊಂಟ ಚಿಕ್ಕದು, ಹೆರಿಗೆ ಸಿಕ್ಕಿಬೀಳುತ್ತದೆ. ಗಿಡ್ಡ ಹೋರಿಯನ್ನೇ ಹುಡುಕಿ. ಬೆದೆ ಬೆಳಿಗ್ಗೆ ಕಂಡರೆ ಸಂಜೆ ಕೊಡಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ತಪ್ಪಿದರೆ ಸುಮಾರು 21 ದಿನ ಕಾಯಬೇಕು.