ಸಂಪಾದಕರ ಉತ್ತರ: ಕಾರ್ಯಾಗಾರದಲ್ಲಿ ಕಲಿತದ್ದು ವಾರ್ಡಿಗೆ ಬಂತೇ?

ವೈದ್ಯಕೀಯ ಕಾಲೇಜೊಂದರ ಸಹಪ್ರಾಧ್ಯಾಪಕಿಯೊಬ್ಬರು ಬರೆದಿದ್ದಾರೆ: "ವೈದ್ಯ ಶಿಕ್ಷಕರಿಗಾಗಿ ನಡೆಸುವ ಕಾರ್ಯಾಗಾರಗಳಿಂದ ಆಗುವ ಲಾಭ ಅಷ್ಟಕ್ಕಷ್ಟೇ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದಿ ಬೇಸರವಾಯಿತು. ವಿದ್ಯಾರ್ಥಿ ರೋಗಿಯನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತು ಗಮನಿಸುವುದು, ಆಮೇಲೆ ತಪ್ಪು ಒಪ್ಪುಗಳನ್ನು ಅವನಿಗೆ ತಿಳಿಸಿ ಹೇಳುವುದು ಹೇಗೆ ಎಂಬುದರ ಬಗ್ಗೆ ನಾವು ಎರಡು ದಿನಗಳ ಕಾರ್ಯಾಗಾರ ನಡೆಸಿದೆವು. ಮೊದಲ ದಿನ ಬೆಳಿಗ್ಗೆ ಕೊಟ್ಟ ಪರೀಕ್ಷೆಗಿಂತ ಎರಡನೆಯ ದಿನ ಸಂಜೆಯ ಪರೀಕ್ಷೆಯಲ್ಲಿ ಎಲ್ಲರ ಅಂಕಗಳೂ ಏರಿದವು. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಸರಾಸರಿ ಐದಕ್ಕೆ ನಾಲ್ಕೂವರೆ ಬಂತು. ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು?"

ಪ್ರಿಯ ಡಾಕ್ಟರೇ, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ರೋಗಿ, ತರಗತಿ, ಪರೀಕ್ಷೆ, ಕಡತ ಎಲ್ಲವನ್ನೂ ನಿಭಾಯಿಸುತ್ತ, ಅದರ ನಡುವೆ ಎರಡು ದಿನ ಬಿಡುವು ಮಾಡಿಕೊಂಡು ಕಲಿಸುವುದನ್ನೇ ಕಲಿಯಲು ಹೊರಟವರು ನೀವು. ಅಂಥವರ ಮೇಲೆ ನನಗೆ ಗೌರವವಿದೆ. ಆರಿಸಿಕೊಂಡ ವಿಷಯವೂ ಸರಿಯಾದದ್ದೇ. ಕಾರ್ಯಾಗಾರಗಳು ನಿಷ್ಪ್ರಯೋಜಕ ಎಂದು ನಾನು ಬರೆದಿರಲಿಲ್ಲ, ಬರೆಯುವುದೂ ಇಲ್ಲ. ಬರೀ ಭಾಷಣ ಕೇಳಿಸುವ ಸಭೆಗಿಂತ ಕೈಯಿಂದ ಮಾಡಿಸುವ ಕಾರ್ಯಾಗಾರ ಮೇಲು ಎನ್ನುವುದಕ್ಕೆ ಒಳ್ಳೆಯ ಆಧಾರವಿದೆ. 1999ರಲ್ಲಿ ಸಂಶೋಧಕ ಡೇವಿಸ್ ಮತ್ತು ಸಂಗಡಿಗರು ವೈದ್ಯರ ಮುಂದುವರಿದ ಶಿಕ್ಷಣದ ಬಗ್ಗೆ ನಡೆದ 14 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಅದೇ. ಉಪನ್ಯಾಸದಿಂದ ವೈದ್ಯರ ನಡವಳಿಕೆ ಬದಲಾಗಲಿಲ್ಲ, ಚರ್ಚೆ ಮತ್ತು ಅಭ್ಯಾಸವಿದ್ದಲ್ಲಿ ಬದಲಾಯಿತು. ನಿಮ್ಮ ಪರವಾಗಿ ಇಷ್ಟನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಪುರಾವೆ ಎಂಬ ಮಾತನ್ನು ಅಷ್ಟು ಸಲೀಸಾಗಿ ಬಳಸಬೇಡಿ. ಹೊಸ ಔಷಧವೊಂದನ್ನು ಮಾರಲು ಬಂದವನು "ನುಂಗಿದ ಅರ್ಧ ಗಂಟೆಯಲ್ಲಿ ರೋಗಿಗಳೆಲ್ಲ ಸಂತೋಷವಾಗಿದ್ದರು" ಎಂದಷ್ಟೇ ಹೇಳಿದರೆ ನೀವು ಅವನನ್ನು ಕೂರಿಸಿ ಮಾತನಾಡಿಸುತ್ತೀರಾ? ರಕ್ತದೊತ್ತಡ ಇಳಿಯಿತೇ, ಎಷ್ಟು ದಿನ ಇಳಿದಿತ್ತು, ಔಷಧ ಕೊಡದವರಲ್ಲಿ ಏನಾಯಿತು ಎಂದು ಕೇಳುತ್ತೀರಿ. ಅದೇ ಪ್ರಶ್ನೆಯನ್ನು ನಿಮ್ಮ ಬೋಧನೆಗೂ ಏಕೆ ಕೇಳಿಕೊಳ್ಳಬಾರದು?

ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದು ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ಹೇಳಿದ್ದರು. ಬಂದವರಿಗೆ ಇಷ್ಟವಾಯಿತೇ, ಏನಾದರೂ ಕಲಿತರೇ, ಕೆಲಸದ ಜಾಗದಲ್ಲಿ ಅವರ ನಡವಳಿಕೆ ಬದಲಾಯಿತೇ, ಕೊನೆಗೆ ಅದರಿಂದ ಯಾರಿಗಾದರೂ ಒಳಿತಾಯಿತೇ. ನಿಮ್ಮ ನಾಲ್ಕೂವರೆ ಅಂಕ ಮೊದಲ ಹಂತದ್ದು. ಸಂಜೆಯ ಪರೀಕ್ಷೆ ಎರಡನೆಯ ಹಂತದ್ದು, ಅದೂ ಹೇಳಿಕೊಟ್ಟದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದ್ದಾಗ ಬರೆಸಿದ್ದು. ಮೂರನೆಯ ಹಂತದ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಇದು ನಿಮ್ಮೊಬ್ಬರ ಲೋಪವಲ್ಲ. ಅಧ್ಯಾಪಕರ ತರಬೇತಿಯ ಬಗ್ಗೆ ಸ್ಟೈನರ್ಟ್ ಮತ್ತು ಸಂಗಡಿಗರು 2006ರಲ್ಲಿ 53 ಪ್ರಬಂಧಗಳನ್ನು ಜಾಲಾಡಿದರು. ಭಾಗವಹಿಸಿದವರಲ್ಲಿ ತೃಪ್ತಿ ಎಲ್ಲೆಲ್ಲೂ ಇತ್ತು. ಅವರ ಕೈಕೆಳಗೆ ಕಲಿತ ವಿದ್ಯಾರ್ಥಿಗಳಲ್ಲಿ ಏನು ಬದಲಾಯಿತು ಎಂದು ಹುಡುಕಿ ನೋಡಿದವರು ಮಾತ್ರ ವಿರಳ.

ತೃಪ್ತಿಯನ್ನು ನಂಬುವುದಕ್ಕೆ ಇನ್ನೊಂದು ತೊಡಕಿದೆ. ವೈದ್ಯರು ತಮ್ಮ ಸಾಮರ್ಥ್ಯವನ್ನು ತಾವೇ ಎಷ್ಟು ಸರಿಯಾಗಿ ಅಳೆಯಬಲ್ಲರು ಎಂಬ 2006ರ ಮತ್ತೊಂದು ಸಮೀಕ್ಷೆಯಲ್ಲಿ, ಅತಿ ಕಡಿಮೆ ನೈಪುಣ್ಯವಿದ್ದವರ ಮತ್ತು ಅತಿ ಹೆಚ್ಚು ಆತ್ಮವಿಶ್ವಾಸವಿದ್ದವರ ಅಂದಾಜೇ ಎಲ್ಲಕ್ಕಿಂತ ಹೆಚ್ಚು ತಪ್ಪಿತ್ತು. ಫಾರ್ಮಿನಲ್ಲಿ ಐದಕ್ಕೆ ಐದು ತುಂಬಿದವರಲ್ಲಿ ಅಂಥವರು ಎಷ್ಟು ಮಂದಿ ಎಂದು ಫಾರ್ಮ್ ಹೇಳುವುದಿಲ್ಲ.

ನನ್ನ ಮನಸ್ಸನ್ನು ಬಹಳ ಕಲಕಿದ ಉದಾಹರಣೆ ಟಾಂಜಾನಿಯಾದ ಹೈಡೋಮ್ ಆಸ್ಪತ್ರೆಯದು. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಗಾಳಿ ನೂಕುವ ಚೀಲ ಮತ್ತು ಮುಖವಾಡದಿಂದ ಉಸಿರು ಕೊಡಲು ಅಲ್ಲಿನ ಹೆರಿಗೆ ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಟ್ಟರು. ಏಳು ತಿಂಗಳ ನಂತರ ಬೊಂಬೆಯ ಮೇಲೆ ಮಾಡಿ ತೋರಿಸಲು ಹೇಳಿದಾಗ ಅವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ನಮ್ಮಲ್ಲಿ ಅನೇಕರು ಅಲ್ಲಿಗೇ ಲೆಕ್ಕ ಮುಗಿಸಿ ವರದಿ ಬರೆದುಬಿಡುತ್ತಿದ್ದೆವು. ಆ ಸಂಶೋಧಕರು ಹೆರಿಗೆ ಕೋಣೆಯೊಳಗೂ ಹೋಗಿ ನೋಡಿದರು. ಅಲ್ಲಿ, ನಿಜವಾದ ಶಿಶುಗಳ ಆರೈಕೆಯಲ್ಲಿ, ಸುಧಾರಣೆ ಕಾಣಲಿಲ್ಲ. ಅದನ್ನು ಅವರು ಮುಚ್ಚಿಡದೆ 2013ರಲ್ಲಿ ಪ್ರಕಟಿಸಿದರು. ಆ ಪ್ರಾಮಾಣಿಕತೆಯನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಮುಂದೆ ಅವರು ಇನ್ನೂ ದೊಡ್ಡ ಕಾರ್ಯಾಗಾರ ಏರ್ಪಡಿಸಲಿಲ್ಲ. ಬೊಂಬೆಯನ್ನೇ ಹೆರಿಗೆ ವಾರ್ಡಿಗೆ ತಂದಿಟ್ಟರು. ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷದ ಅಭ್ಯಾಸ, ತಿಂಗಳಿಗೊಮ್ಮೆ ಸುಮಾರು ನಲವತ್ತು ನಿಮಿಷದ ಮರುತರಬೇತಿ. ಕಲಿಸುವವರು ಅಲ್ಲಿಯವರೇ. ಹುಟ್ಟಿದ 24 ಗಂಟೆಗಳಲ್ಲಿ ಸಾಯುವ ಶಿಶುಗಳ ಸಂಖ್ಯೆ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು ಎಂದು 2015ರಲ್ಲಿ ವರದಿ ಮಾಡಿದರು. ಇದು ಹಿಂದಿನ ಮತ್ತು ನಂತರದ ಅವಧಿಗಳ ಹೋಲಿಕೆಯಾದ್ದರಿಂದ ಇಳಿಕೆಗೆ ಬೇರೆ ಕಾರಣಗಳೂ ಸೇರಿರಬಹುದು ಎಂದು ನೀವು ವಾದಿಸಬಹುದು. ವಾದಿಸಿ, ಒಪ್ಪುತ್ತೇನೆ. ಆದರೆ ಒಂದೇ ಕೌಶಲ, ಒಂದೇ ಬೊಂಬೆ, ಒಂದೇ ಆಸ್ಪತ್ರೆ. ಒಂದು ದಿನ ಕಲಿಸಿ ಬಿಟ್ಟಾಗ ವಾರ್ಡಿಗೆ ಇಳಿಯದಿದ್ದದ್ದು, ವಾರ ವಾರವೂ ಕೈಯಾಡಿಸಿದಾಗ ಇಳಿಯಿತು. ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಹಿರಿಯರು ಯಾವ ಪ್ರಯೋಗಾಲಯವೂ ಇಲ್ಲದೆ ಕಂಡುಕೊಂಡಿದ್ದರು.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನಿನ್ನೂ ವಾರ್ಡಿನಲ್ಲಿ ದುಡಿಯುತ್ತಿದ್ದ ಕಾಲ. ಕೆಟ್ಟ ಸುದ್ದಿಯನ್ನು ರೋಗಿಯ ಮನೆಯವರಿಗೆ ತಿಳಿಸುವುದು ಹೇಗೆ ಎಂಬ ಕಾರ್ಯಾಗಾರಕ್ಕೆ ಹೋಗಿದ್ದೆ. ನಟರು ಬಂಧುಗಳ ಪಾತ್ರ ಮಾಡಿದ್ದರು. ನಾನು ಮಾತನಾಡಿದ ರೀತಿಯನ್ನು ತರಬೇತುದಾರರು ಹೊಗಳಿದರು. ಏಕಾಂತದ ಜಾಗ ನೋಡಿಕೊಳ್ಳಿ, ಕುಳಿತುಕೊಂಡು ಮಾತನಾಡಿ ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಹದಿನೈದು ದಿನ ಕಳೆದಿರಲಿಲ್ಲ. ಒಬ್ಬ ತಾಯಿಗೆ ಅವಳ ಮಗ ಉಳಿಯಲಿಲ್ಲ ಎಂಬುದನ್ನು ನಾನು ಕಾರಿಡಾರಿನಲ್ಲಿ, ನಿಂತುಕೊಂಡೇ, ಸ್ಟ್ರೆಚರೊಂದಕ್ಕೆ ದಾರಿ ಬಿಡುತ್ತ ಹೇಳಿದೆ. ಪಾಠ ಮರೆತಿರಲಿಲ್ಲ. ಕುಳಿತುಕೊಳ್ಳಲು ಅಲ್ಲಿ ಕುರ್ಚಿಯೇ ಇರಲಿಲ್ಲ, ಒಳಗೆ ಆರು ಜನ ರೋಗಿಗಳು ಕಾಯುತ್ತಿದ್ದರು, ಹಾಗೆ ನಿಂತು ಹೇಳುವುದೇ ಆ ವಾರ್ಡಿನ ರೂಢಿಯಾಗಿತ್ತು. ಹಿರಿಯ ನರ್ಸ್ ಒಬ್ಬರು ಎಲ್ಲಿಂದಲೋ ಸ್ಟೂಲು ತಂದು ಆ ತಾಯಿಯನ್ನು ಕೂರಿಸಿ, ತಾವು ನೆಲದ ಮೇಲೆ ಕುಳಿತು ಅವಳ ಕೈ ಹಿಡಿದುಕೊಂಡರು. ಅವರು ಯಾವ ಕಾರ್ಯಾಗಾರಕ್ಕೂ ಹೋದವರಲ್ಲ. ನನ್ನ ಪ್ರಮಾಣಪತ್ರ ಆಗ ಮೇಜಿನ ಖಾನೆಯಲ್ಲಿತ್ತು.

ಆ ಬಳಿಕ ವರ್ಷಾನುಗಟ್ಟಲೆ ನಾನು ಕಲಿತದ್ದು ಆ ನರ್ಸ್ ಪಕ್ಕದಲ್ಲಿ ನಿಂತು. ಇಂಥ ಕಲಿಕೆಯನ್ನು ಎರಡು ದಿನದೊಳಗೆ ತುರುಕಲು ಬರುವುದಿಲ್ಲ ಎಂಬ ನನ್ನ ನಂಬಿಕೆ ಹುಟ್ಟಿದ್ದು ಅಲ್ಲಿ. ಆಮೇಲೆ ಓದಿದ್ದು ಅದನ್ನು ಗಟ್ಟಿ ಮಾಡಿತು. ಚಿಕಿತ್ಸಾ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2009ರ ಸಮೀಕ್ಷೆ ಸಭೆ ಮತ್ತು ಕಾರ್ಯಾಗಾರಗಳ ಬಗ್ಗೆ 81 ಪ್ರಯೋಗಗಳನ್ನು ಪರಿಶೀಲಿಸಿತು. ಅಪೇಕ್ಷಿತ ಚಿಕಿತ್ಸಾ ಕ್ರಮದ ಪಾಲನೆಯಲ್ಲಿ ಕಂಡ ಸುಧಾರಣೆಗಳ ನಡುವಿನ ಅಂಕಿ (ಮೀಡಿಯನ್) ಶೇಕಡಾ 6. ಸಂಕೀರ್ಣ ನಡವಳಿಕೆಗಳ ವಿಷಯದಲ್ಲಿ ಪರಿಣಾಮವೇ ಕಾಣಲಿಲ್ಲ. 2021ರಲ್ಲಿ 215 ಅಧ್ಯಯನಗಳನ್ನು ಸೇರಿಸಿ ಮತ್ತೆ ನೋಡಿದಾಗಲೂ ಆ ಅಂಕಿ ಶೇಕಡಾ 7ರ ಆಸುಪಾಸಿನಲ್ಲೇ ನಿಂತಿತು. ಆರು ಏಳು ಸಣ್ಣದೆಂದು ತಳ್ಳಿಹಾಕುವಂಥದ್ದಲ್ಲ, ಅಷ್ಟು ರೋಗಿಗಳಿಗೆ ಒಳಿತಾಗುತ್ತದೆ. ನಾಲ್ಕೂವರೆ ಅಂಕದ ಸಂಭ್ರಮಕ್ಕೂ ಅದಕ್ಕೂ ಇರುವ ಅಂತರವನ್ನಷ್ಟೇ ನೋಡಿ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಬಡ್ತಿಯ ಅರ್ಜಿಯಲ್ಲಿ ಕಾರ್ಯಾಗಾರದ ಪ್ರಮಾಣಪತ್ರಕ್ಕೆ ಜಾಗವಿದೆ, ಪ್ರಕಟವಾದ ಪ್ರಬಂಧಗಳ ಎಣಿಕೆಗೆ ಜಾಗವಿದೆ. ಹಾಸಿಗೆಯ ಪಕ್ಕದಲ್ಲಿ ಅರ್ಧ ಗಂಟೆ ಮೌನವಾಗಿ ನಿಂತು, ವಿದ್ಯಾರ್ಥಿ ಹೊಟ್ಟೆ ಮುಟ್ಟಿ ನೋಡುವುದನ್ನು ಮೊದಲಿಂದ ಕೊನೆಯವರೆಗೆ ಗಮನಿಸಿದ ಅಧ್ಯಾಪಕನ ಆ ಅರ್ಧ ಗಂಟೆಗೆ ಎಲ್ಲಿ ಜಾಗವಿದೆ? ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯನ ಸಾಮರ್ಥ್ಯವನ್ನು ಪಿರಮಿಡ್ಡಿನಂತೆ ಚಿತ್ರಿಸಿದರು: ತಿಳಿದಿರುವುದು ತಳದಲ್ಲಿ, ಹೇಗೆಂದು ತಿಳಿದಿರುವುದು ಅದರ ಮೇಲೆ, ಮಾಡಿ ತೋರಿಸುವುದು ಇನ್ನೂ ಮೇಲೆ, ದಿನನಿತ್ಯ ಮಾಡುವುದು ತುದಿಯಲ್ಲಿ. ಆ ಚಿತ್ರ ಎಷ್ಟೋ ಕಾರ್ಯಾಗಾರಗಳ ಮೊದಲ ಸ್ಲೈಡಿನಲ್ಲೇ ಬರುತ್ತದೆ. ತುದಿಯನ್ನು ನೋಡಬೇಕಾದರೆ ವಾರ್ಡಿಗೆ ಹೋಗಲೇಬೇಕು. ವಾರ್ಡಿಗೆ ಹೋಗುವ ಅಧ್ಯಾಪಕನ ಸಮಯವನ್ನು ಸಂಸ್ಥೆಗಳು ವರ್ಷದಿಂದ ವರ್ಷಕ್ಕೆ ಕಸಿದುಕೊಂಡು ಕಡತಗಳಿಗೆ ಕೊಡುತ್ತಿವೆ. ಹೀಗೆ ಬರಿದಾದ ಜಾಗವನ್ನು ಇನ್ನೊಂದು ಕಾರ್ಯಾಗಾರದಿಂದ ತುಂಬಬಹುದೆಂದು ನಂಬಿಸುತ್ತಿವೆ. ಇದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಸಾಧ್ಯವಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಕಾರ್ಯಾಗಾರದ ವಿಷಯವೇ ಗಮನಿಸಿ ತಿಳಿಸಿ ಹೇಳುವುದಾಗಿತ್ತಲ್ಲವೇ? ಮೂರು ತಿಂಗಳಾದ ಮೇಲೆ ವಿದ್ಯಾರ್ಥಿಗಳನ್ನೇ ಹೆಸರು ಬರೆಸದೆ ಕೇಳಿ: ಕಳೆದ ಒಂದು ವಾರದಲ್ಲಿ ನೀನು ರೋಗಿಯನ್ನು ಪರೀಕ್ಷಿಸುವುದನ್ನು ಯಾವ ಅಧ್ಯಾಪಕರಾದರೂ ಪೂರ್ತಿ ನೋಡಿದರೇ, ನೋಡಿ ನಿನಗೆ ಏನು ಹೇಳಿದರು? ಕಾರ್ಯಾಗಾರಕ್ಕೆ ಬಂದಿದ್ದ ಅಧ್ಯಾಪಕರ ವಿದ್ಯಾರ್ಥಿಗಳನ್ನೂ ಬಾರದವರ ವಿದ್ಯಾರ್ಥಿಗಳನ್ನೂ ಕೇಳಿ. ಬಂದ ಉತ್ತರವನ್ನು ನಮಗೆ ಬರೆಯಿರಿ. ಎರಡು ಪುಟ ನಿಮಗಾಗಿ ಕಾದಿರಿಸುತ್ತೇನೆ. ಅಂಕಿ ನಿಮ್ಮ ಪರವಾಗಿ ಬಂದರೆ ಕಳೆದ ಸಂಚಿಕೆಯ ನನ್ನ ಮಾತಿನ ಪಕ್ಕದಲ್ಲೇ ಅಚ್ಚು ಮಾಡುತ್ತೇನೆ. ಬಾರದಿದ್ದರೂ ದಯವಿಟ್ಟು ಕಳುಹಿಸಿ.